ಗಾದಿಗೆ ರೇಟ್ ಎಷ್ಟು?

ನಮ್ಮ ಕಾಕಾನಂಥ ಜಿಪುಣರನ್ನು ನೀವು ನೋಡಿರಲಿಕ್ಕಿಲ್ಲ. ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ! ಹೌದು, ನೀವು ಸರಿಯಾಗಿಯೇ ಓದಿದಿರಿ. ಸಾಮಾನ್ಯ ಜಿಪುಣರು ಪುಕ್ಕಟೆ ಎಂದರೆ ಎರಡೂ ಕೈ ಚಾಚುತ್ತಾರೆ. ನಮ್ಮ ಕಾಕಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಅದ ಇರಲಿ, ಖರೆ ಖರ್ಚ ಎಷ್ಟ ಬರ್ತೈತಿ ಹೇಳು" ಎನ್ನುತ್ತಾರೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ಊರಲ್ಲಿ ಅವರ ಭಾಂಡೆ ಬಾಡಿಗೆ ಅಂಗಡಿಗಳಿವೆ. ಮದುವೆಯಿರಲಿ, ಮಗುವಿನ ಜವಳವಿರಲಿ, ಯಾರ ಮನೆಯಲ್ಲಿ ನೂರು ಎಲೆ ಬೀಳುವುದಿದ್ದರೂ ಹಂಡೆ, ಪರಾತ, ಸೌಟು ಇವರಲ್ಲಿಂದಲೇ ಹೋಗಬೇಕು. ಗೋಕಾಕದ್ದು ದೊಡ್ಡ ಅಂಗಡಿ, ಅದರ ಹಿಂದೆಯೇ ಮನೆ. ಹಣೆಯ ತುಂಬ ವಿಭೂತಿ ಬಳಿದುಕೊಂಡು ಗಾದಿಯ ಮೇಲೆ ಕುಳಿತರೆಂದರೆ ಕಾಕಾ ಊಟಕ್ಕೆ ಮಾತ್ರ ಏಳುತ್ತಾರೆ.

ಒಮ್ಮೆ ದೀಪಾವಳಿಗೆ ಬಾಜೂ ಅಂಗಡಿಯವರು ಒಂದು ಗೋಡೆ ಗಡಿಯಾರ ತಂದರು.

"ಪುಕ್ಕಟ ಐತ್ರಿ, ತಗೋರಿ."

"ಮೊಳಿ?" ಎಂದರು ಕಾಕಾ.

"ಒಂದ ಮೊಳಿ ಏನ್ ದೊಡ್ಡದ್ರಿ?"

"ಮೊಳಿ ಹೊಡಿಯಾಕ ಸುತ್ತಗಿ ಬೇಕು. ಸುತ್ತಗಿ ತರಾಕ ನಿಮ್ಮ ಅಂಗಡಿಗೆ ಬಂದ್ರ ನೀವು ಚಾ ಕುಡಸ್ತೀರಿ. ನಾಳೆ ನಾ ನಿಮಗ ಕುಡಸಬೇಕು. ಮೊಳಿ ಹೊಡದ್ರ ಗ್ವಾಡಿ ಗಿಲಾವ ಉದರ್ತೈತಿ. ಅದನ್ನ ನೋಡಿ ಮನಿಯಾಕಿ ಇಡೀ ಅಂಗಡಿಗೆ ಬಣ್ಣಾ ಹಚ್ಚಸ್ರಿ ಅಂತಾಳ. ಇಷ್ಟೆಲ್ಲಾ ಮಾಡಿ ಗಡಿಯಾರ ಹಾಕಿದ್ನೆಪಾ ಅಂದ್ರ, ಆಳ ಮಂದಿ ಆರ ಬಡದಕೂಡ್ಲೇ ಎದ್ದ ಮನಿಗೆ ಹೊಕ್ಕಾರ. ಈಗ ನಾ ಹೇಳಿದಾಗ ಆರ ಆಗ್ತೈತಿ!"

ಪಾಪ, ಆ ಮನುಷ್ಯ ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು ವಾಪಸ್ ಹೋದರು. ಆ ಗೋಡೆ ಇವತ್ತಿಗೂ ಖಾಲಿ ಇದೆ.

ತುಕ್ಕಾನಟ್ಟಿಗೆ ಕನ್ಯೆ ನೋಡಲು ಹೋದಾಗಲೂ ಇದೇ ಕಥೆಯಂತೆ. ಅಡಿಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಕೇಳಲಿಲ್ಲವಂತೆ. "ವರ್ಷಕ್ಕ ಎಷ್ಟ ಸಲ ತವರಮನಿಗೆ ಹೋಗಾಕಿ?" ಎಂದು ಕೇಳಿದರಂತೆ. ಬಸ್ ಚಾರ್ಜಿನ ಲೆಕ್ಕ! ಕಾಕಿಯೂ ಕಡಿಮೆಯವರಲ್ಲ. "ಅದ ನೀವು ಹೆಂಗ ನೋಡ್ಕೊಂತೀರಿ ಅನ್ನೂದರ ಮ್ಯಾಲ ಐತ್ರಿ" ಎಂದರಂತೆ. ಕಾಕಾ ಅಲ್ಲೇ ಒಪ್ಪಿಕೊಂಡರು. ಜೀವನದಲ್ಲಿ ಅವರಿಗೆ ಸಿಕ್ಕ ಮೊದಲ ಪ್ರಾಮಾಣಿಕ ರೇಟು ಅದು.

ಇಂಥವರಿಗೆ ನಾನು ಸಾಫ್ಟ್‌ವೇರ್ ಮಾರಲು ಹೋದೆ! ಹುಚ್ಚು ಎನ್ನುತ್ತೀರಾ? ಬೇರೆ ದಾರಿ ಇರಲಿಲ್ಲ. ಬೆಳಗಾವಿಯ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ದೊಡ್ಡ ದೊಡ್ಡ ವ್ಯಾಪಾರಿಗಳಿಗೆ 'ಬಿಸಿನೆಸ್ ಇಂಟೆಲಿಜೆನ್ಸ್' ಎಂಬ ಸಾಫ್ಟ್‌ವೇರ್ ಮಾರಬೇಕು. ಎಲ್ಲಿ ಲಾಭ, ಎಲ್ಲಿ ಸೋರಿಕೆ ಎಂದು ಕೆಂಪು, ಹಸಿರು ಬಣ್ಣದಲ್ಲಿ ತೋರಿಸುವ ಯಂತ್ರ. ಆರು ತಿಂಗಳಾದರೂ ಒಂದನ್ನೂ ಮಾರಿರಲಿಲ್ಲ. "ಈ ತಿಂಗಳೂ ಆಗಲಿಲ್ಲ ಅಂದರೆ ಮುಂದಿನ ತಿಂಗಳು ಬರುವ ತೊಂದರೆ ತಗೋಬೇಡಿ" ಎಂದು ಮ್ಯಾನೇಜರು ಬಹಳ ಮರ್ಯಾದೆಯಿಂದ ಹೇಳಿದ್ದರು. ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು. ಇದನ್ನು ಕಾಕಾಗೆ ಹೇಳಬಾರದು ಎಂದು ಬಸ್ಸಿನಲ್ಲೇ ಆಣೆ ಮಾಡಿಕೊಂಡಿದ್ದೆ. ಹೇಳಿದರೆ ಅದು ವ್ಯಾಪಾರವಾಗುವುದಿಲ್ಲ, ಭಿಕ್ಷೆಯಾಗುತ್ತದೆ.

ಕಾಕಿ ಚಹಾ ತಂದಿಟ್ಟರು. ನಾನು ಲ್ಯಾಪ್‌ಟಾಪ್ ತೆರೆದು, "ಇದು ವ್ಯಾಪಾರದ ಬುದ್ಧಿ ರಿ ಕಾಕಾ" ಎಂದು ಶುರು ಮಾಡಿದೆ.

"ಅಂದ್ರ ನನಗ ಬುದ್ಧಿ ಇಲ್ಲಂತೀ?"

"ಮಾರಾಕ ಬಂದೈತಿ ಅಂದ್ರ ತಗೊಂಡ ಬಿಡ್ರಿ," ಎಂದರು ಕಾಕಿ, "ಮನ್ಯಾಗ ಭಾಳ ದಿನದಿಂದ ಬೇಕಾಗೈತಿ."

ಕಾಕಾ ಅದನ್ನು ಕೇಳಿಸಿಕೊಳ್ಳಲಿಲ್ಲ. "ರೇಟ್ ಹೇಳು."

"ಒಂದು ಸೀಟಿಗೆ ಇಷ್ಟು ಅಂತ ಇರ್ತೈತ್ರಿ."

ಕಾಕಾ ಅಂಗಡಿಯನ್ನೆಲ್ಲ ಒಮ್ಮೆ ಸುತ್ತ ನೋಡಿದರು. ಮುಖ ಅರಳಿತು. "ನಮ್ಮಲ್ಲಿ ಸೀಟ ಎಲ್ಲೈತವಾ? ಮೂರೂ ಅಂಗಡ್ಯಾಗ ಒಂದ ಕುರ್ಚಿ ಇಲ್ಲ. ಎಲ್ಲಾರೂ ಗಾದಿ ಮ್ಯಾಲ ಕುಂಡರ್ತೀವಿ. ಗಾದಿಗೆ ರೇಟ್ ಎಷ್ಟು?"

ಕಂಪನಿ ಕೊಟ್ಟ ತರಬೇತಿಯಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ! ಸೀಟು ಎಂದರೆ ಕುರ್ಚಿಯಲ್ಲ, ಅದನ್ನು ತೆರೆದು ನೋಡುವ ಮನುಷ್ಯ ಎಂದು ತಿಳಿಸಿದೆ.

"ನೋಡಾಕ ರೊಕ್ಕ? ನನ್ನ ಬೆನ್ನ ಹಿಂದ ನಿಂತ ಬಗ್ಗಿ ನೋಡಿದಾವ್ರಿಗೆ?"

"ಅದಕ್ಕ ಇಲ್ರಿ."

"ಬರಕೋ. ಬಗ್ಗಿ ನೋಡೂದ ಪುಕ್ಕಟ." ಪುಕ್ಕಟೆಯನ್ನು ಅವರು ಒಪ್ಪಿಕೊಂಡದ್ದು ಅದೊಂದೇ ಸಲ.

ಆಮೇಲೆ ಒಂದೊಂದಾಗಿ ಕೆದಕಿದರು. ನಾನು ಮೆತ್ತಗೆ ದಾಟಿಸಬೇಕೆಂದಿದ್ದ ಖರ್ಚುಗಳೆಲ್ಲ ಹೊರಬಿದ್ದವು. ಪ್ರತಿ ವರ್ಷ ಮತ್ತೆ ಕಟ್ಟಬೇಕು. ಕಲಿಸಲು ಬರುವವರಿಗೆ ಬೇರೆ. ಕಲಿಯುವ ದಿನ ಮೂರೂ ಅಂಗಡಿ ಬಂದ್, ಜೊತೆಗೆ ಎಲ್ಲರಿಗೂ ಮಿರ್ಚಿ ಭಜಿ! ಹಳೆಯ ವಹಿಗಳ ಅರಿಶಿನ ಮೆತ್ತಿದ ಅಂಕಿಗಳನ್ನು ಸ್ವಚ್ಛ ಮಾಡಿ ತುಂಬಲು ಬೇರೆ ಚಾರ್ಜು ಎಂಬುದನ್ನು ಮಾತ್ರ ತಲೆ ಎತ್ತದೆ ಹೇಳಿದೆ.

"ಇದ ಬರೋಬ್ಬರಿ ಐತಿ," ಎಂದರು ಕಾಕಾ. "ಹೊಲಸ ಭಾಂಡೆ ವಾಪಸ್ ತಂದ್ರ ನಾನೂ ತೊಳಿಯೂ ಚಾರ್ಜ್ ಹಾಕ್ತೇನಿ."

ಹೀಗೆ ಅಡಗಿದ ಖರ್ಚನ್ನೆಲ್ಲ ಕೂಡಿಸುವ ಲೆಕ್ಕಕ್ಕೆ ನಮ್ಮ ಕಂಪನಿಯಲ್ಲಿ ಮೊಳದುದ್ದದ ಇಂಗ್ಲಿಷ್ ಹೆಸರಿದೆ. ಅದನ್ನು ಕಲಿಸಲು ನನ್ನನ್ನು ಮೂರು ದಿನ ಕೂರಿಸಿದ್ದರು. ಕಾಕಾ ಅದನ್ನು ಒಂದು ಗಡಿಯಾರದಲ್ಲಿ ಕಲಿತು ಮುಗಿಸಿದ್ದರು. ಕೊನೆಗೆ ಒಟ್ಟು ಮೊತ್ತ ನಾನು ಹೇಳಿದ್ದರ ಮೂರು ಪಟ್ಟಾಯಿತು. ಮುಗಿಯಿತು ಕಥೆ ಎಂದುಕೊಂಡೆ. ಮುಂದಿಟ್ಟ ಚಹಾ ಕೆನೆಗಟ್ಟಿತ್ತು. ಕಾಕಾ ಆ ಕಪ್ಪನ್ನು ನೋಡಿದರು, ನನ್ನನ್ನು ನೋಡಿದರು, ಮೂಗು ತಿಕ್ಕಿಕೊಂಡರು.

"ನಾಕ ಸೀಟ ಹಾಕು."

ಚೌಕಾಸಿಯಿಲ್ಲ, ಏನಿಲ್ಲ! ಕಾಕಿ ಓಡಿಬಂದು ಹಣೆ ಮುಟ್ಟಿ ಜ್ವರ ನೋಡಿದರು.

"ಮೂರ ಅಂಗಡಿಗೆ ನಾಕ ಯಾಕ್ರಿ ಕಾಕಾ?"

"ಹಾಕಂದ್ರ ಹಾಕು. ನಾಕನೇದರ ಹೆಸರ ಆಮ್ಯಾಲ ಬರಿಯೂಣು."

ನೌಕರಿ ಉಳಿಯಿತು. ಎರಡು ತಿಂಗಳಲ್ಲಿ ಸಾಫ್ಟ್‌ವೇರೂ ಕೂತಿತು. ಮೊದಲ ವರದಿ ನೋಡಲು ನಾವೆಲ್ಲ ಗಾದಿಯ ಮೇಲೆ ಜಮಾಯಿಸಿದೆವು (ಬಗ್ಗಿ ನೋಡುವುದು ಪುಕ್ಕಟೆಯಲ್ಲವೇ!). ಗೋಕಾಕದ ಹೆಸರು ಕೆಂಡದಂತೆ ಕೆಂಪಾಗಿತ್ತು: ನಲವತ್ತು ಸೌಟು ಕಾಣೆ. ಹುಕ್ಕೇರಿಯಲ್ಲಿ ಎಲ್ಲಿಂದಲೋ ಇಪ್ಪತ್ತು ಪಳಿ ಉದುರಿದ್ದವು. ಮೂಡಲಗಿಯ ಎದುರು 'ಹುಟ್ಟು: ಇಪ್ಪತ್ತು' ಎಂದಿತ್ತು.

"ಒಂದ ತಿಂಗಳಿಗೆ ಇಪ್ಪತ್ತ ಹುಟ್ಟ!" ಕಾಕಿ ಗಲ್ಲಕ್ಕೆ ಕೈ ಇಟ್ಟರು. "ಸಾವ ಎಷ್ಟಂತ?"

ಅರ್ಧ ತಾಸು ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ಗೋಕಾಕದವರು ಸೌಟು ಎನ್ನುವುದನ್ನೇ ಹುಕ್ಕೇರಿಯವರು ಪಳಿ ಎಂದು ಬರೆದಿದ್ದರು, ಮೂಡಲಗಿಯವರು ಹುಟ್ಟು ಎಂದು. ಗೋಕಾಕದಿಂದ ಹತ್ತರಗಿಯ ಮದುವೆಗೆ ಹೋದ ಸೌಟುಗಳು ಹತ್ತಿರವೆಂದು ಹುಕ್ಕೇರಿ ಅಂಗಡಿಗೆ ವಾಪಸಾಗಿ, ಅಲ್ಲಿ ಪಳಿಯಾಗಿ ಪುನರ್ಜನ್ಮ ಪಡೆದಿದ್ದವು! ಉಳಿದವು ಇನ್ನೊಂದು ಮದುವೆಯಿಂದ ಮೂಡಲಗಿ ಅಂಗಡಿಗೆ ಹೋಗಿ ಅಕ್ಷರಶಃ ಹುಟ್ಟಿದ್ದವು.

ಎಲ್ಲರೂ ನಕ್ಕೆವು. ಕಾಕಾ ನಗಲಿಲ್ಲ. ಸೌಟು ಕದಿಯುವವನು ಮೇಲವಂಕಿಯ ಅಡಿಗೆಯವನೇ ಎಂದು ಎರಡು ವರ್ಷದಿಂದ ಅವನೊಡನೆ ಮಾತು ಬಿಟ್ಟಿದ್ದರು. ಮರುದಿನ ಬೆಳಿಗ್ಗೆ ಎರಡು ಕಿಲೋ ಕರದಂಟು ಕಟ್ಟಿಸಿಕೊಂಡು ಮೇಲವಂಕಿಗೆ ಹೋಗಿ ಕ್ಷಮೆ ಕೇಳಿ ಬಂದರು. ಬಂದವರೇ ನನಗೆ ಫೋನ್ ಮಾಡಿದರು: "ಆ ಕರದಂಟನೂ ಸಾಫ್ಟ್‌ವೇರ್ ಖರ್ಚಿನ್ಯಾಗ ಹಿಡಿ!"

ಅದಾದ ಎರಡು ತಿಂಗಳಿಗೆ ನಮ್ಮ ಕಂಪನಿ ಬೆಳಗಾವಿಯ ಆಫೀಸನ್ನೇ ಮುಚ್ಚಿತು. ಸಾಫ್ಟ್‌ವೇರಿಗೆ ವರ್ಷದ ಮಟ್ಟಿಗೆ ಜೀವವಿತ್ತು, ನನ್ನ ನೌಕರಿಗೆ ಅದೂ ಇರಲಿಲ್ಲ. ಮನೆಯಲ್ಲಿ ಹೇಳಲು ಧೈರ್ಯವಾಗದೆ ಗೋಕಾಕದ ಬಸ್ ಹತ್ತಿದೆ. ಅಂಗಡಿಯ ಹೊಸ್ತಿಲಲ್ಲಿ ನಿಂತು, "ಹಿಂಗ ಈ ಕಡೆ ಕೆಲಸ ಇತ್ರಿ" ಎಂದು ಸುಳ್ಳು ಹೇಳಿದೆ.

ಕಾಕಾ ಕಂಪ್ಯೂಟರನ್ನು ನನ್ನತ್ತ ತಿರುಗಿಸಿದರು. ಪರದೆಯ ಮೇಲೆ ಸೀಟುಗಳ ಪಟ್ಟಿ ಇತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ. ನಾಲ್ಕನೆಯದರಲ್ಲಿ, ಒಂದೇ ಬೆರಳಿನಿಂದ ಕುಟ್ಟಿ ಕುಟ್ಟಿ ಅವರೇ ಬರೆದದ್ದು: 'ನಮ್ಮ ಹುಡಿಗಿ.'

"ಇದ ಯಾವಾಗ ಬರದ್ರಿ ಕಾಕಾ?"

"ಸಾಫ್ಟ್‌ವೇರ್ ಕುಂತ ದಿವಸನ. ಸಣ್ಣಾಕಿದ್ದಾಗಿಂದ ಬಾಯಿ ಸುಟ್ಟರೂ ಬಿಸಿ ಚಾನ ಬೇಕು ನಿನಗ. ನೀ ಮಾರಾಕ ಬಂದ ದಿವಸ ಚಾ ಕೆನಿಗಟ್ಟಿದ್ರೂ ಮುಟ್ಟಲಿಲ್ಲ. ನೌಕರಿ ಹೋಗೂದೈತಿ ಅಂತ ಆವಾಗನ ತಿಳೀತು. ಇವತ್ತಲ್ಲ ನಾಳೆ ಬರ್ತಾಳ, ಕುಂಡರಾಕ ಒಂದ ಸೀಟ ಇರಲಿ ಅಂತ ಖರೆ ಖರ್ಚಿನ್ಯಾಗ ಹಿಡದಿದ್ನಿ."

ಪುಕ್ಕಟೆ ಗಡಿಯಾರವನ್ನು ವಾಪಸ್ ಕಳಿಸಿದ ಮನುಷ್ಯ ನಾಲ್ಕು ತಿಂಗಳಿಂದ ಖಾಲಿ ಸೀಟೊಂದನ್ನು ರೊಕ್ಕ ಕೊಟ್ಟು ಕಾದಿಟ್ಟಿದ್ದರು. ನನಗೆ ಅಳು ಬಂತು. ಅದನ್ನು ಮುಚ್ಚಿಡಲು ಟೈಮ್ ನೋಡುವವಳಂತೆ ಗೋಡೆಯತ್ತ ತಿರುಗಿದೆ.

"ಅಲ್ಲೇನ್ ನೋಡ್ತೀ?" ಕಾಕಾ ಗಾದಿಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಇಲ್ಲಿ ನಾ ಹೇಳಿದಾಗ ಆರ ಆಗ್ತೈತಿ. ಕುಂಡರು."

ಕುಳಿತೆ. ಕಾಕಿ ಚಹಾ ತಂದಿಟ್ಟರು. ಬಾಯಿ ಸುಡುವಷ್ಟು ಬಿಸಿ ಇತ್ತು, ಗಟಗಟ ಕುಡಿದೆ.