ಊಟ ಆಯ್ತಾ ಎಂದು ಕೇಳುವ ಕಂಪ್ಯೂಟರು

ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಏಳು ಕಂಪ್ಯೂಟರುಗಳನ್ನು ಚಾಲೂ ಮಾಡಿ, ಎಂಟನೆಯದರ ವೈರು ಹುಡುಕಲು ಮೇಜಿನಡಿ ತೂರಿದ್ದಳು ಕಂಪ್ಯೂಟರಮ್ಮ. ಲ್ಯಾಬಿನವರು ಇಟ್ಟ ಹೆಸರು ಅದು. ಹಳೆಯದನ್ನೆಲ್ಲ ಅಳಿಸಿ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವ ದಿನ. ಗುಂಡಿ ಒತ್ತಿದರೆ ಸಾಕು, ಅಕ್ಕ ಬರೆದಿಟ್ಟ ಫೈಲು ಮಿಕ್ಕಿದ್ದನ್ನು ತಾನೇ ಮಾಡುತ್ತದೆ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಇವಳಿಗೆ ಕೆಲಸ ಕಲಿಸಿ, ಹೋದ ತಿಂಗಳು ತೀರಿಕೊಂಡವಳು.

"ಕಂಪ್ಯೂಟರಮ್ಮ, ಸ್ವಲ್ಪ ಬನ್ನಿ. ಇದು ನನ್ನ ಹತ್ರ ಮಾತಾಡ್ತಿದೆ," ಎಂದಳು ರಿಸೆಪ್ಷನ್ ಹುಡುಗಿ.

ಪರದೆಯ ಮೇಲೆ ಒಂದೇ ಸಾಲು: 'ತಂಗೀ, ಊಟ ಆಯ್ತಾ?'

ಅಕ್ಕ ದಿನಾ ಕೇಳುತ್ತಿದ್ದ ಮಾತು. ಕಂಪ್ಯೂಟರಮ್ಮ ಪಕ್ಕಕ್ಕೆ ತಿರುಗಿದಳು. ಪಕ್ಕದ ಪರದೆಯಲ್ಲೂ ಅದೇ, ಅದರಾಚೆಯದರಲ್ಲೂ ಅದೇ.

"ನನ್ನನ್ನೂ ತಂಗಿ ಅಂತಿದೆಯಲ್ಲಮ್ಮ," ಎಂದರು ಲೆಕ್ಕ ಬರೆಯುವವರು. "ಮೀಸೆ ಕಾಣಲ್ವಾ ಇದಕ್ಕೆ?"

ಮ್ಯಾನೇಜರರು ಬಂದು ಎಲ್ಲರನ್ನೂ ಸರಿಸಿ, 'ಆಯ್ತು' ಎಂದು ಒತ್ತಿದರು.

'ಸುಳ್ಳು,' ಎಂದಿತು ಪರದೆ.

ತೂಕ ಇಳಿಸಲು ಬೆಳಗಿನಿಂದ ಬರೀ ನೀರು ಕುಡಿದಿದ್ದ ಅವರ ಮುಖ ಚಹಾದಲ್ಲಿ ನೆನೆದ ಬಿಸ್ಕತ್ತಿನಂತೆ ಕುಸಿಯಿತು. "ಇದು ಸಂಜೆಯೊಳಗೆ ಹೋಗ್ಬೇಕು. ಇಲ್ದಿದ್ರೆ ಹೊರಗಿನವರನ್ನ ಕರೆಸ್ತೀನಿ, ನೀವು ಮನೇಲಿರಿ."

ಕಂಪ್ಯೂಟರಮ್ಮನ ಸಂಬಳದ ಮೇಲೇ ಮನೆ ನಿಂತಿತ್ತು. ಫೈಲು ತೆರೆದು ಒಂದು ಸಾಲೂ ಬಿಡದೆ ಓದಿದಳು. ಪ್ರಶ್ನೆ ಕೇಳಿ ಅರ್ಧ ಗಂಟೆ ಕಾಯಬೇಕು, ಅದರೊಳಗೆ ಯಾರು 'ಆಯ್ತು' ಎಂದರೂ 'ಸುಳ್ಳು' ಎನ್ನಬೇಕೆಂದು ಅಕ್ಕ ಬರೆದಿದ್ದಳು, ಅಷ್ಟೆ. 'ಇಲ್ಲ' ಎಂದವರಿಗೆ ಏನು ಹೇಳಬೇಕೆಂದು ಬರೆದೇ ಇರಲಿಲ್ಲ. ಕಂಪ್ಯೂಟರಮ್ಮ ನಕ್ಕು, ಆ ಭಾಗವನ್ನೇ ಕಿತ್ತುಹಾಕಿ ಎಂಟನ್ನೂ ಮತ್ತೆ ಓಡಿಸಿದಳು. ಎಲ್ಲವೂ ಬೇಗ ಮುಗಿಯಿತು. ಮ್ಯಾನೇಜರರು ಶಹಬ್ಬಾಸ್ ಎಂದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ರಿಸೆಪ್ಷನ್ ಪರದೆಯ ಬಾಣ, ಯಾರೂ ಮುಟ್ಟದೆ, ತಾನಾಗಿ ಓಡಾಡತೊಡಗಿತು. ರೋಗಿಯೊಬ್ಬರ ವರದಿ ತೆರೆಯಿತು. ಇನ್ನೊಂದು ತೆರೆಯಿತು.

"ಅಕ್ಕಾನಾ?" ಹುಡುಗಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು.

"ಅಲ್ಲ ಕಣೆ. ಇವನು ಇಂಟರ್ನೆಟ್ಟಿಂದ ನುಗ್ಗಿರೋ ಕಳ್ಳ," ಎಂದು ಕಂಪ್ಯೂಟರಮ್ಮ ವೈರು ಕಿತ್ತಳು.

ಆಗ ಹೊಳೆಯಿತು. ಅಕ್ಕ ಸುಮ್ಮನೆ ಕಾಯಿಸುತ್ತಿರಲಿಲ್ಲ. ಹೊರಗಿನ ಇಂಟರ್ನೆಟ್ಟಿನ ಬಾಗಿಲು ತೆರೆಯುವ ಮೊದಲು, ಆ ಅರ್ಧ ಗಂಟೆಯಲ್ಲಿ, ಸಿಸ್ಟಮ್ಮಿನ ತೂತುಗಳಿಗೆಲ್ಲ ಸೆಕ್ಯುರಿಟಿ ಪ್ಯಾಚು ಬೀಳುತ್ತಿತ್ತು. ಇವಳು ಆ ಕಾಯುವಿಕೆಯನ್ನೇ ಕಿತ್ತಿದ್ದರಿಂದ ತೂತು ಮುಚ್ಚುವ ಮೊದಲೇ ಬಾಗಿಲು ತೆರೆದಿತ್ತು.

"ನಾಳೆ ಬಾಗಿಲು ತೆಗೆಯೋ ಹೊತ್ತಿಗೆ ಎಲ್ಲಾ ಮೊದಲಿಂದ ಆಗಿರ್ಬೇಕು. ಆ ಪ್ರಶ್ನೆ ಮಾತ್ರ ಬೇಡ," ಎಂದು ಹೇಳಿ ಮ್ಯಾನೇಜರರು ಹೊರಟರು. ಉಳಿದವರೂ ಹೊರಟರು.

ಕಂಪ್ಯೂಟರಮ್ಮ ಹಳೆಯ ಫೈಲನ್ನು ಇದ್ದ ಹಾಗೇ ತಂದು ಹಾಕಿದಳು. ಮೊದಲ ಪರದೆ ಕೇಳಿತು: 'ತಂಗೀ, ಊಟ ಆಯ್ತಾ?'

ಚೀಲದಲ್ಲಿ ಡಬ್ಬಿ ಮುಚ್ಚಿದಂತೆಯೇ ಇತ್ತು. ಅಕ್ಕ ಬದುಕಿದ್ದಾಗ ಎಷ್ಟೇ ಹಸಿದಿದ್ದರೂ 'ಆಯ್ತಕ್ಕ' ಎಂದೇ ಹೇಳಿದವಳು, ಇವತ್ತು 'ಇಲ್ಲ' ಎಂದು ಒತ್ತಿದಳು.

'ಗೊತ್ತು. ಮೊದಲು ಡಬ್ಬಿ ತೆಗಿ. ಆ ಕಳ್ಳನನ್ನ ನಾನು ನೋಡ್ಕೋತೀನಿ.'

ಫೈಲು ತೆರೆದು ಇನ್ನೊಮ್ಮೆ ಓದಲು ಕೈ ಮುಂದಾಯಿತು. ಹಿಂದಕ್ಕೆ ಎಳೆದುಕೊಂಡಳು. ಇನ್ನು ಅದನ್ನು ತೆರೆಯುವುದಿಲ್ಲ. ಮ್ಯಾನೇಜರರು ಕೇಳಿದರೆ, ಪ್ರಶ್ನೆ ತೆಗೆದುಹಾಕಿದೆ ಸಾರ್, ಅನ್ನುವುದು.

ಇನ್ನೂ ಏಳು ಪರದೆಗಳು ಕೇಳುವುದಿತ್ತು. ಅವಳು ಡಬ್ಬಿಯ ಮುಚ್ಚಳ ಬಿಚ್ಚಿದಳು.