ಹವಾ ಜಾಸ್ತಿ, ಎಣ್ಣೆ ಕಡಿಮೆ

ಹಂಪಣ್ಣನ ಆ ದಿನ ಕೆಟ್ಟದ್ದು ಒಂದು ಕೆಮ್ಮಿನಿಂದ. ಕೆಮ್ಮಿದ್ದು ಅವನಲ್ಲ, ಆಕಾಶ.

ಶಹಾಪುರದ ಹತ್ತಿ ಬಿಡಿಸುವ ಜಿನ್ನಿನಲ್ಲಿ ಎಂಜಿನ್ ನೋಡಿಕೊಳ್ಳುವುದು ಅವನ ಕೆಲಸ. ಹನ್ನೊಂದು ವರ್ಷ ಒಂದೇ ಎಂಜಿನ್ನಿನ ಪಕ್ಕದಲ್ಲಿ ಕೂತು ಕೂತು, ಮನುಷ್ಯರ ಮಾತಿಗಿಂತ ಅದರ ಉಸಿರೇ ಅವನಿಗೆ ಹೆಚ್ಚು ತಿಳಿಯುತ್ತಿತ್ತು. ಕರಿ ಹೊಗೆ ಬಿಟ್ಟರೆ ಎಣ್ಣೆ ಹೆಚ್ಚಾಗಿದೆ; ಒಣ ಕೆಮ್ಮು ಕೆಮ್ಮಿದರೆ ಗಾಳಿ ಹೆಚ್ಚಾಗಿದೆ. ತಿರುಪನ್ನು ಒಂದಿಷ್ಟು ಅತ್ತ, ಒಂದಿಷ್ಟು ಇತ್ತ ತಿರುಗಿಸಿದರೆ ಮುಗಿಯಿತು. ಇದರಾಚೆ ಹೇಳಲು ಅವನ ಬಳಿ ಏನೂ ಇರುತ್ತಿರಲಿಲ್ಲ. ಆದ್ದರಿಂದ ಊರು ಅವನನ್ನು ಬಹಳ ಒಳ್ಳೆಯವನೆಂದು ತಿಳಿದಿತ್ತು.

ಅವತ್ತು ಅವನು ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ನಿಂತಿದ್ದ. ಗಂಜಿ ಹಾಕಿದ ಧೋತರ, ಹಳದಿ ರುಮಾಲು, ಕೈಯಲ್ಲಿ ಹಣ್ಣುಕಾಯಿಯ ಗಂಟು. ಸುರಪುರದಲ್ಲಿ ಅವನ ಮದುವೆ ನಿಶ್ಚಯ. ಸೋದರಮಾವ, ಅತ್ತೆ ಎಲ್ಲ ಹಿಂದಿನ ದಿನವೇ ಚಕ್ಕಡಿಯಲ್ಲಿ ಹೋಗಿದ್ದರು; ಜಿನ್ನಿನ ಧಣಿ ಇವನನ್ನು ಬಿಟ್ಟದ್ದು ಇವತ್ತು. ಹುಡುಗಿಯ ಅಪ್ಪ ಭಾಗಣ್ಣ ಉಪ್ಪು, ಹಗ್ಗ, ಚಿಮಣಿ ಎಣ್ಣೆ, ಪೆಟ್ರೋಲು, ದೀಪದ ಬತ್ತಿ, ಎಲ್ಲವನ್ನೂ ಒಂದೇ ಸೂರಿನಡಿ ಮಾರುವ ವ್ಯಾಪಾರಿ. ನಿಶ್ಚಯ ಈಗಾಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು. ಎರಡು ಸಲವೂ ಜಿನ್ನಿನ ಎಂಜಿನ್ ಕೆಟ್ಟಿತ್ತು.

"ಈ ಸಲ ಹೊತ್ತು ಮುಳುಗೂದ್ರಾಗ ಬರಲಿಲ್ಲಂದ್ರ ಆ ಎಂಜಿನ್ನಿಗೇ ತಾಳಿ ಕಟ್ಟು ಅಂತ ಹೇಳ್ರಿ. ನನ್ನ ಮಗಳಿಗಿ ಗುರುಮಿಟಕಲ್ಲಾಗ ಮತ್ತೊಬ್ಬ ವರ ಅದಾನ" ಎಂದು ಭಾಗಣ್ಣ ಹೇಳಿ ಕಳಿಸಿದ್ದ.

ಹುಡುಗಿ ಅಯ್ಯಮ್ಮನನ್ನು ಹಂಪಣ್ಣ ನೋಡಿದ್ದು ಒಂದೇ ಸಲ. ಅಂಗಡಿಯಲ್ಲಿ ಹತ್ತು ಮೊಳ ಹಗ್ಗ ಕೇಳಿದಾಗ ಅವಳು ತುಟಿ ಬಿಚ್ಚದೆ ಅಳೆದಳು. ಅಪ್ಪ ಅತ್ತ ತಿರುಗಿದ ಹೊತ್ತಿಗೆ ಹನ್ನೊಂದನೆಯ ಮೊಳವನ್ನೂ ಸೇರಿಸಿ ಕತ್ತರಿಸಿದಳು. ಆ ಒಂದು ಮೊಳದ ಅರ್ಥವೇನಿರಬಹುದೆಂದು ಅವನು ಎಂಟು ತಿಂಗಳಿಂದ ಯೋಚಿಸುತ್ತಿದ್ದ. ಗಂಟಿಗೆ ಈಗ ಅದನ್ನೇ ಬಿಗಿದಿದ್ದ.

ಆಗ ಮೇಲೆ ಗುಂಯ್ ಎನ್ನುವ ಸದ್ದು ಬಂತು. ಎರಡು ಜೋಡಿ ರೆಕ್ಕೆಯ ಸಣ್ಣ ವಿಮಾನವೊಂದು ಎತ್ತರದಿಂದ ಕೆಳಕ್ಕೆ ಇಳಿಯುತ್ತಿತ್ತು. ಇಳಿಯುತ್ತ ಇಳಿಯುತ್ತ ಕೆಮ್ಮಿತು. ಖೊಕ್, ಖೊಕ್.

ಹಂಪಣ್ಣ ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಕೆಮ್ಮು ಕೇಳಿದ ಕೂಡಲೇ ಹನ್ನೊಂದು ವರ್ಷದ ಅಭ್ಯಾಸ ಮಾತಾಡಿಬಿಟ್ಟಿತು: "ಹವಾ ಜಾಸ್ತಿ ಆಗ್ಯಾದ, ಎಣ್ಣಿ ಕಡಿಮಿ. ಈಗ ನಿಂತ್ ಹೋಗ್ತದ ನೋಡ್ರಿ."

ನಿಂತೇಹೋಯಿತು. ವಿಮಾನ ರೆಕ್ಕೆ ಓಲಾಡಿಸುತ್ತ ಬಂದು ಶಿರವಾಳದ ದಾರಿಯ ಕಡೆ, ಜೋಳ ಕೊಯ್ದ ಹೊಲದಲ್ಲಿ ಕೂತಿತು.

ಪಕ್ಕದಲ್ಲಿ ಸೈಕಲ್ ರಿಪೇರಿಯ ಬಾಷುಮಿಯಾ ಬಾಯಿ ತೆರೆದು ನಿಂತಿದ್ದ. "ಅರೇ ಹಂಪಣ್ಣಾ! ನೀ ಅಂದಿ, ಅದು ಬಿತ್ತು!"

"ನಾ ಅಂದದ್ದಕ್ಕ ಬಿದ್ದಿಲ್ಲೋ ಮಾರಾಯಾ."

"ಅಂದದ್ದಂತೂ ಖರೆ. ನಾನೇ ಗವಾ, ನಾನೇ ಸಾಕ್ಷಿ!"

ಮರದ ಬುಡದಲ್ಲಿ ಚುರುಮುರಿ ಮಾರುತ್ತಿದ್ದ ಸಾಯಬಮ್ಮ ಬುಟ್ಟಿಗೆ ಬಟ್ಟೆ ಮುಚ್ಚಿ ಎದ್ದಳು. "ನಿಶ್ಚಯದ ದಿನ ಬಾಯಾಗ ಒಳ್ಳೆ ಮಾತು ಬರಬೇಕಪ್ಪ. ನೀನು ವಿಮಾನ ಬೀಳಸ್ತಿ!"

ಕಾಲು ಗಂಟೆಯೊಳಗೆ ಊರೆಲ್ಲ ಹೊಲದಲ್ಲಿತ್ತು. ಬಸ್ಸು ಬಂತು, ಅದರ ಡ್ರೈವರನೂ ಇಳಿದು ಹೊಲಕ್ಕೆ ಓಡಿದ. ಹಂಪಣ್ಣ ಒಬ್ಬನೇ ಬಸ್ಸು ಹತ್ತಿ, ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಖಾಲಿ ಸೀಟುಗಳ ನಡುವೆ ದೇವರಂತೆ ಕೂತ. ಅಷ್ಟರಲ್ಲಿ ಪೊಲೀಸ್ ಜವಾನ ಖಾಜಾಹುಸೇನ ಬಾಗಿಲಲ್ಲಿ ಕಾಣಿಸಿಕೊಂಡ.

"ಹಂಪಣ್ಣ ಯಾರು? ಬೀಳೂಕಿಂತ ಮುಂಚೇನೇ ಬೀಮಾರಿ ಹೇಳಿದಾಂವ ಅಂತಲ್ಲ? ಇಳೀರಿ. ಸಾಹೇಬರು ಕರೀಲಿಕತ್ತಾರ."

"ಇವತ್ತು ನನ್ನ ನಿಶ್ಚಯ ಅದರೀ..."

"ಹೌದ್ರಿ, ಆಗಲಿ. ಮೊದಲು ವಿಮಾನದ್ದು ನಿಶ್ಚಯ ಮಾಡ್ರಿ."

ವಿಮಾನದ ಪಕ್ಕ ಇಪ್ಪತ್ತೈದರ ಹರೆಯದ ಸಾಹೇಬರೊಬ್ಬರು ಹಾರಾಟದ ದಪ್ಪ ಕನ್ನಡಕ ಹಣೆಗೇರಿಸಿ ನಿಂತಿದ್ದರು. ಹೈದರಾಬಾದಿನ ಯಾವುದೋ ನವಾಬರ ತಮ್ಮನ ಮಗ. ತಿಂಥಣಿಯ ಹೊಳೆ ದಂಡೆಯಲ್ಲಿ ಶಿಕಾರಿಯ ಡೇರೆ ಹಾಕಿದವರು. ಅವರದು ಉರ್ದು. ಜಿನ್ನಿನಲ್ಲಿ ಹಮಾಲನಿಂದ ಧಣಿಯವರೆಗೆ ಎಲ್ಲರೂ ಅದನ್ನೇ ಆಡುತ್ತಿದ್ದುದರಿಂದ ಹಂಪಣ್ಣನಿಗೆ ತೊಡಕಾಗಲಿಲ್ಲ.

"ಬೆಳಿಗ್ಗೆ ಹೂವಿನಂತೆ ಹಾರಿತು, ಉಸ್ತಾದ್" ಎಂದರು ಸಾಹೇಬರು. "ಮೇಲೆ ಸರಿಯಿತ್ತು. ಇಳಿಯುವಾಗ ಸತ್ತಿತು. ಯಾಕೆ?"

ಹಂಪಣ್ಣ ರುಮಾಲು ತೆಗೆದು ಸಾಯಬಮ್ಮನ ಕೈಗೆ ಕೊಟ್ಟ. ಎಂಜಿನ್ನಿನ ಒಂದು ಪ್ಲಗ್ ಬಿಚ್ಚಿ ನೋಡಿದ. ವಿಭೂತಿಯಂತೆ ಬೆಳ್ಳಗಿತ್ತು. ಅವನು ಅಂದದ್ದೇ ಸರಿ; ಹೊಟ್ಟೆಗೆ ಎಣ್ಣೆ ಸಾಲದೆ ಬರೀ ಗಾಳಿ ಕುಡಿದಿದೆ. ಎಣ್ಣೆ ಎಲ್ಲಿ ತಡೆಯಿತೆಂದು ಎಣ್ಣೆ ಗಾಳಿ ಬೆರೆಯುವ ಜಾಗದಿಂದ ಹೊರಟ ಸಣ್ಣ ಸರಳಿನ ಜಾಡು ಹಿಡಿದು ಹೋದ. ಅದು ಸಾಹೇಬರ ಸೀಟಿನ ಪಕ್ಕದ ಹಿಡಿಕೆಯೊಂದರಲ್ಲಿ ಮುಗಿಯಿತು.

"ಹುಜೂರ್, ಈ ಹಿಡಿಕೆ ಯಾತರದು?"

"ಅದೇ?" ಸಾಹೇಬರು ನಕ್ಕರು. "ಎತ್ತರದಲ್ಲಿ ಗಾಳಿ ತೆಳುವಾಗುತ್ತದೆ. ಅದಕ್ಕೆ ತಕ್ಕಂತೆ ಪೆಟ್ರೋಲನ್ನೂ ಕಡಿಮೆ ಮಾಡಬೇಕು. ಇದನ್ನು ಮುಂದಕ್ಕೆ ತಳ್ಳುತ್ತೇವೆ. ಇಳಿಯುವಾಗ ಮತ್ತೆ ಹಿಂದಕ್ಕೆ ಎಳೆಯಬೇಕು. ಮೊದಲ ದಿನದ ಪಾಠ ಇದು. ಮರೆಯುವವನು ಕತ್ತೆ! ನಮ್ಮ ಕ್ಲಬ್ಬಿನಲ್ಲಿ ಒಬ್ಬ ಮರೆತ. ಇಡೀ ವರ್ಷ ಅವನನ್ನು ನಾವು ಕತ್ತೆ ಎಂದೇ ಕರೆದೆವು."

ಹಿಡಿಕೆ ಇನ್ನೂ ಮುಂದಕ್ಕೇ ಇತ್ತು.

ಹಂಪಣ್ಣ ಹಿಡಿಕೆಯನ್ನು ನೋಡಿದ. ಸಾಹೇಬರ ಸೊಂಟದ ಪಿಸ್ತೂಲನ್ನು ನೋಡಿದ. ಸುತ್ತ ನಿಂತ ಶಹಾಪುರವನ್ನು ನೋಡಿದ. ಬಗ್ಗಿ, ಏನೋ ಹುಡುಕುವವನಂತೆ, ಹೆಬ್ಬೆರಳಿನಿಂದ ಹಿಡಿಕೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದ.

ರಿಪೇರಿ ಮುಗಿದಿತ್ತು. ಆದರೆ ರಿಪೇರಿ ಆಗಿದೆಯೆಂದು ತೋರಿಸುವುದು ಈಗ ಶುರುವಾಗಬೇಕಿತ್ತು. ಅವನು ಆ ನಳಿಗೆ ಬಿಚ್ಚಿದ, ಈ ನಳಿಗೆ ಊದಿದ, ಒರೆಸಿದ್ದನ್ನೇ ಒರೆಸಿದ. ಬಾಷುಮಿಯಾ ನಟ್ಟು ಬಿಚ್ಚುವ ಪಾನಾ ಹಿಡಿದು ನೆರವಿಗೆ ನಿಂತ.

"ಗಾಲಿಗಿ ಹವಾ ಹೊಡೀಲೇನೋ?"

"ಹವಾ ಜಾಸ್ತಿ ಆಗಿದ್ದೇ ರೋಗ. ಸುಮ್ಮನ ನಿಂದ್ರು."

ಸಾಯಬಮ್ಮ ಉಪ್ಪು, ಮೆಣಸಿನಕಾಯಿ ತಂದು ವಿಮಾನದ ಮೂಗಿನ ಮುಂದೆ ಮೂರು ಸಲ ಇಳಿತೆಗೆದಳು. "ಇಷ್ಟು ಛಂದ ಇದ್ದರ ಕಣ್ಣು ಬೀಳಲಾರದ ಇರ್ತಾವೇನು?" ಎಂದು ಸಾಹೇಬರನ್ನೇ ಕೇಳಿದಳು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಗೌರವದಿಂದ ತಲೆಯಾಡಿಸಿದರು.

ದೂರದಲ್ಲಿ ಬಸ್ಸು ಎರಡು ಸಲ ಕೂಗಿ, ಸುರಪುರದ ದಾರಿಯಲ್ಲಿ ಧೂಳೆಬ್ಬಿಸುತ್ತ ಹೋಯಿತು. ಹಂಪಣ್ಣ ಧೂಳು ಕುಳಿತು ಮುಗಿಯುವವರೆಗೂ ನೋಡಿದ.

ಕೊನೆಗೆ ಮೂಗಿನ ಪಂಖವನ್ನು ಬಲವಾಗಿ ತಿರುವಿದ. ಎಂಜಿನ್ ಒಂದೇ ಏಟಿಗೆ ಹಾಡತೊಡಗಿತು. ಜನ ಹೋ ಎಂದು ಕೂಗಿದರು. ಸಾಹೇಬರು ಅವನ ಎರಡೂ ಭುಜ ಹಿಡಿದುಕೊಂಡರು.

"ಏನಾಗಿತ್ತು ಉಸ್ತಾದ್?"

ಯಾರನ್ನಾದರೂ ದೂರಲೇಬೇಕಿತ್ತು. ಹಂಪಣ್ಣ ಯಾರಿಗೂ ನೋವಾಗದ ಒಂದನ್ನು ಹುಡುಕಿದ. "ಪೆಟ್ರೋಲಿನಲ್ಲಿ ಕಸ ಇತ್ತು, ಹುಜೂರ್."

ಪೆಟ್ರೋಲು ಏಳು ಸಮುದ್ರದಾಚೆಯಿಂದ ಬರುವ ವಸ್ತು. ಅದಕ್ಕೆ ಅಪ್ಪ ಇಲ್ಲ, ಅಮ್ಮ ಇಲ್ಲ ಎಂದು ಅವನ ಲೆಕ್ಕಾಚಾರ.

"ಬರೀ ಕಸ ಅಲ್ಲ ಹುಜೂರ್!" ಬಾಷುಮಿಯಾ ಮುಂದೆ ನುಗ್ಗಿದ. "ಚಿಮಣಿ ಎಣ್ಣೆ ಬೆರೆಸಿದ್ದಾರೆ. ನನ್ನ ಮೂಗು ಸುಳ್ಳು ಹೇಳುವುದಿಲ್ಲ."

ಸಾಹೇಬರ ಮುಖ ಕೆಂಪಾಯಿತು. "ನನಗೂ ಅದೇ ಸಂಶಯ! ತಹಶೀಲಿನವರು ಡೇರೆಗೆ ಕಳಿಸಿದ ಡಬ್ಬ ಅದು." ಸೀಟಿನ ಹಿಂದಿನಿಂದ ಖಾಲಿ ಡಬ್ಬವೊಂದನ್ನು ಎಳೆದರು. ಅದರ ಒಂದು ಬದಿಗೆ ಬಿಳಿ ಬಣ್ಣದಲ್ಲಿ ಕನ್ನಡ ಅಕ್ಷರಗಳಿದ್ದವು. "ಇದನ್ನು ಓದು, ಉಸ್ತಾದ್."

ಹಂಪಣ್ಣ ಓದಿದ. ಮನಸ್ಸಿನಲ್ಲಿ.

ಅವನಿಗೆ ಅಕ್ಷರ ಬಾರದೆಂದು ತಿಳಿದು ಜವಾನ ಖಾಜಾಹುಸೇನ ಹೆಗಲ ಮೇಲಿನಿಂದ ಇಣುಕಿ, ಗಟ್ಟಿಯಾಗಿ ಓದಿದ: "ಭಾಗಣ್ಣ, ಕಿರಾಣಿ ದುಕಾನ, ಸುರಪುರ."

"ಸುರಪುರ! ಈಗಲೇ ಹೋಗೋಣ" ಎಂದರು ಸಾಹೇಬರು. "ತಹಶೀಲದಾರರ ಮುಂದೆ ಸಾಕ್ಷಿ ಹೇಳಲು ನೀನೂ ಬಾ."

"ಹುಜೂರ್, ನನಗೆ..."

"ಅವನೂ ಸುರಪುರಕ್ಕೇ ಹೋಗಬೇಕಿತ್ತು ಹುಜೂರ್! ಬಸ್ಸು ತಪ್ಪಿತು" ಎಂದು ಬಾಷುಮಿಯಾ ಗೆಳೆಯನ ಮೇಲಿನ ಪ್ರೀತಿಯಿಂದ ಕೂಗಿದ. ಸಾಯಬಮ್ಮ ರುಮಾಲನ್ನು ಹಂಪಣ್ಣನ ತಲೆಗೆ ಒತ್ತಿ ಕೂರಿಸಿದಳು. ಗಂಟಿನೊಂದಿಗೆ ಅವನನ್ನು ಎತ್ತಿ ಮುಂದಿನ ಸೀಟಿಗೆ ಇಳಿಸಿ ಪಟ್ಟಿ ಬಿಗಿದರು.

ಶಹಾಪುರದ ಗುಡ್ಡ ಕೆಳಗೆ ಬಿತ್ತು. ದಾರಿಯಲ್ಲಿ ಬಸ್ಸು ಇರುವೆಯಂತೆ ಹರಿಯುತ್ತಿತ್ತು. ಅದನ್ನು ಹಿಂದೆ ಹಾಕಿದರು. ಹೊಳೆ ತೋರಿಸಬೇಕೆಂದು ಸಾಹೇಬರು ಎತ್ತರಕ್ಕೆ, ಇನ್ನೂ ಎತ್ತರಕ್ಕೆ ಏರಿದರು. ಹಂಪಣ್ಣನ ಸೀಟಿನ ಪಕ್ಕದಲ್ಲೂ ಅದೇ ಹಿಡಿಕೆಯ ಜೋಡಿಯೊಂದಿತ್ತು. ಹಿಂದೆ ಸಾಹೇಬರು ತಮ್ಮದನ್ನು ತಳ್ಳಿದಂತೆ ಅದೂ ತಾನಾಗಿ ಮುಂದಕ್ಕೆ ಸರಿಯಿತು. ಆಮೇಲೆ ವಿಮಾನ ಸುರಪುರದ ಕಡೆಗೆ ಇಳಿಯತೊಡಗಿತು. ಹಿಡಿಕೆ ಅಲ್ಲೇ ಇತ್ತು.

ಖೊಕ್, ಖೊಕ್.

"ನೋಡಿದೆಯಾ!" ಹಿಂದಿನಿಂದ ಸಾಹೇಬರ ಕೂಗು ಮಾತಿನ ಕೊಳವೆಯಲ್ಲಿ ಬಂತು. "ಅದೇ ಪೆಟ್ರೋಲು! ಆ ಭಾಗಣ್ಣನನ್ನು ನಾನು ಬಿಡುವುದಿಲ್ಲ!"

ಹಿಡಿಕೆ ಎಳೆದರೆ ಪ್ರಾಣ ಉಳಿಯುತ್ತದೆ, ಎಳೆಯದಿದ್ದರೆ ಸಾಕ್ಷಿ ಹೇಳುವುದು ತಪ್ಪುತ್ತದೆ. ಹಂಪಣ್ಣ ಒಂದು ಗಳಿಗೆ ನಿಜವಾಗಿಯೂ ಯೋಚಿಸಿದ. ಬೆರಳು ಗಂಟಿನ ಹಗ್ಗಕ್ಕೆ ತಾಗಿತು. ಹಿಡಿಕೆಯನ್ನು ಎಳೆದುಬಿಟ್ಟ. ಎಂಜಿನ್ ಹಾಡಿತು.

"ಕಸ ಹೋಯಿತು!" ಎಂದರು ಸಾಹೇಬರು.

ಸುರಪುರದ ಗುಡ್ಡದ ಕೆಳಗಿನ ಬಯಲಲ್ಲಿ ಇಳಿದಾಗ ಸೂರ್ಯ ಇನ್ನೂ ಎರಡಾಳು ಎತ್ತರ ಇದ್ದ. ಊರೆಲ್ಲ ಓಡಿ ಬಂದಿತ್ತು. ತಹಶೀಲದಾರರು ಬಂದರು. ಎಲ್ಲರಿಗಿಂತ ಮುಂದೆ ರೇಷ್ಮೆ ರುಮಾಲಿನ ಭಾಗಣ್ಣ. ಅವನ ಹಿಂದೆ ಸೋದರಮಾವ, ಬೀಗರು, ಹೆಂಗಸರ ಗುಂಪಿನಲ್ಲಿ ಅಯ್ಯಮ್ಮ. ಮುಂದಿನ ಸೀಟಿನಿಂದ ಇಳಿದವನು ಯಾರೆಂದು ಕಂಡದ್ದೇ ಭಾಗಣ್ಣನಿಗೆ ಎರಡಡಿ ಎತ್ತರ ಬೆಳೆದಂತಾಯಿತು.

"ನೋಡ್ರಿ, ನೋಡ್ರಿ! ನಮ್ಮ ಅಳಿಯಂದಿರು! ಮಂದಿ ಬಸ್ಸಿನಾಗ ಬರ್ತಾರ, ಇವರು ಮುಗಿಲಿನಾಗಿಂದ ಬಂದಾರ!"

ಸಾಹೇಬರು ಡಬ್ಬವನ್ನು ಎದೆಗೊತ್ತಿಕೊಂಡು ಇಳಿದರು. ಅಕ್ಷರದ ಬದಿ ಇನ್ನೂ ಅವರ ಅಂಗಿಗೆ ಅಂಟಿತ್ತು. "ತಹಶೀಲದಾರ್ ಸಾಹೇಬ್, ಕಲಬೆರಕೆ ಪೆಟ್ರೋಲು ಮಾರಿ ನನ್ನನ್ನು ಎರಡು ಸಲ ಕೊಲ್ಲಲು ನೋಡಿದ ಕಳ್ಳ ನಿಮ್ಮ ಊರಿನಲ್ಲಿದ್ದಾನೆ. ಈ ಉಸ್ತಾದ್ ಕಣ್ಣಾರೆ ಕಂಡಿದ್ದಾನೆ."

ಭಾಗಣ್ಣ ಸಿಟ್ಟಿನಿಂದ ಮೀಸೆ ಕುಣಿಸುತ್ತ ಮುಂದೆ ಬಂದು ಅಳಿಯನ ಬೆನ್ನು ತಟ್ಟಿದ.

"ಹೇಳ್ರಿ ಅಳಿಯಂದಿರೆ! ಯಾರಿಗೂ ಅಂಜಬ್ಯಾಡ್ರಿ, ನಾ ಅದೀನಿ. ಯಾರಂವ ಕಳ್ಳ ಸೂಳೆಮಗ? ಹೆಸರು ಹೇಳ್ರಿ, ನಾನೇ ಅವನ ಕೊಳ್ಳಿಗಿ ಕೈ ಹಾಕ್ತೀನಿ!"

ಸಾಹೇಬರು ಡಬ್ಬವನ್ನು ಮೆಲ್ಲಗೆ ಈ ಕಡೆ ತಿರುಗಿಸತೊಡಗಿದರು.

ಗುಂಪಿನ ಹಿಂದಿನಿಂದ ಅಯ್ಯಮ್ಮ ಅವನ ಗಂಟಿಗೆ ಬಿಗಿದ ಹಗ್ಗವನ್ನೇ ನೋಡುತ್ತಿದ್ದಳು. ಹಂಪಣ್ಣ ಬಾಯಿ ತೆರೆದ. ಒಳಗೆ ಬರೀ ಗಾಳಿಯಿತ್ತು.

ಖೊಕ್, ಖೊಕ್ ಎಂದು ಕೆಮ್ಮಿದ.