ಉಮದಿಗೆ ಬಂದ ಹೇರು

ನಮ್ಮ ಮಾವನವರಿಗೆ ದೇವರ ಮೇಲೆ ನಂಬಿಕೆಯಿತ್ತು, ಎಮ್ಮೆಯ ಮೇಲೆ ನಂಬಿಕೆಯಿತ್ತು, ಒಮ್ಮೊಮ್ಮೆ ನನ್ನ ಅಡುಗೆಯ ಮೇಲೂ ಇರುತ್ತಿತ್ತು. ಇಲ್ಲದ್ದು ಒಂದರ ಮೇಲೆ ಮಾತ್ರ: ಸುದ್ದಿ! ಹಾಗಾದರೆ ಪೇಪರು ಓದುವುದನ್ನು ಬಿಟ್ಟಿದ್ದರೇ? ಎಲ್ಲಿಯ ಮಾತು! ಸಾಂಗಲಿ ಕಡೆಯ ಮರಾಠಿ ಪೇಪರು, ವಿಜಾಪುರದ ಬಸ್ಸಿನಲ್ಲಿ ಬರುವ ಕನ್ನಡ ಪೇಪರು ಎರಡನ್ನೂ ಕಟ್ಟೆಯ ಮೇಲೆ ಹರವಿಕೊಂಡು, ಕಳ್ಳನನ್ನು ವಿಚಾರಿಸುವ ಫೌಜದಾರನಂತೆ ಕೂಡುತ್ತಿದ್ದರು.

ನಾನು ಸೊಸೆಯಾಗಿ ಮಹಾರಾಷ್ಟ್ರದ ಗಡಿಯೊಳಗಿನ ಉಮದಿಗೆ ಬಂದಾಗ ಮನೆಯಲ್ಲಿ ಒಂದು ಶಬ್ದಕ್ಕೆ ಬಹಿಷ್ಕಾರವಿತ್ತು: ಗಾಳಿಮಾತಿನ 'ಅಂತ'. ಬಂದನಂತ, ಹೋದನಂತ, ಸತ್ತನಂತ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, "ಕಂಡಾಂವ ಯಾರು?" ಎಂದು ಗುಡುಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ನನ್ನ ಅಪ್ಪ ನನ್ನನ್ನು ನೋಡಲು ಬಂದರು. ಅತ್ತೆ ಒಳಗಿನಿಂದಲೇ "ಬೀಗರು ಬಂದಾರಂತ" ಎಂದುಬಿಟ್ಟರು.

"ಕಂಡಾಂವ ಯಾರು?"

ಹೊಸ್ತಿಲಲ್ಲಿ ನಿಂತಿದ್ದ ಅಪ್ಪ, ಪಾಪ, ಕೈಯಲ್ಲಿ ಬುಟ್ಟಿ ಹಿಡಿದುಕೊಂಡೇ, "ನಾನ ಬಂದೀನ್ರಿ, ನಾನ ಕಂಡೀನ್ರಿ!" ಎಂದರು.

"ಹಾಂ, ಇದು ಖರೆ ಸುದ್ದಿ. ಬರ್ರಿ, ಕುಂದ್ರಿ!"

ಟಿಬೇಟಿನ ಸುದ್ದಿ ಬಂದರಂತೂ ಮಾವನವರಿಗೆ ಊಟ ಬೇಡ. ನಮ್ಮದು ಕುರಿ ಸಾಕಿದ ಮನೆತನ. ಅಲ್ಲಿಯವರೂ ಕುರಿ ಮೇಯಿಸುವವರೇ ಎಂದು ತಿಳಿದಂದಿನಿಂದ ಅವರು ನಮ್ಮ ಬೀಗರೇ ಆಗಿಬಿಟ್ಟಿದ್ದರು. ಅಲ್ಲಿ ಗುಡ್ಡದಲ್ಲಿ ತಮ್ಮ ನಾಡಿಗಾಗಿ ಬಡಿದಾಡುತ್ತಿದ್ದವರನ್ನು ಚೀನಾದ ರೇಡಿಯೋ 'ಡಕಾಯಿತರು' ಎನ್ನುತ್ತಿತ್ತು. ಮರಾಠಿ ಪೇಪರು 'ಸ್ವಾತಂತ್ರ್ಯವೀರರು' ಎನ್ನುತ್ತಿತ್ತು. ಕನ್ನಡ ಪೇಪರು, ಯಾರಿಗೆ ಹೆದರಿಯೋ ಏನೋ, 'ಕೆಲವರು' ಎನ್ನುತ್ತಿತ್ತು!

"ಒಬ್ಬ ಮನಶ್ಯಾಗ ಮೂರು ಹೆಸರು! ಇವರು ಸುದ್ದಿ ಬರೀತಾರೋ, ತೊಟ್ಟಲಾಗ ಹಾಕಿ ಹೆಸರ ಇಡತಾರೋ?"

"ಮೂರರಾಗ ಖರೆ ಯಾವುದ್ರಿ, ಮಾಮಾ?" ಎಂದು ಕೇಳಿದೆ.

"ಮೂವರೂ ಅಲ್ಲಿಗಿ ಹೋಗಿಲ್ಲ. ಅದೊಂದ ಖರೆ."

ಹೀಗಿರುವಾಗ ಒಂದು ಚಳಿಗಾಲ ಉಮದಿಯ ಬಜಾರಕ್ಕೆ ಸ್ವೆಟರ್ ಮಾರುವ ಟಿಬೇಟಿ ಹೆಂಗಸೊಬ್ಬಳು ಬಂದಳು. ಮುಂಡಗೋಡದ ನಿರಾಶ್ರಿತರ ಕ್ಯಾಂಪಿನವಳು, ಮುರುಕು ಕನ್ನಡ ಬರುತ್ತಿತ್ತು. ತಾನು ಗಡಿ ದಾಟಿದ್ದನ್ನು, ತನ್ನನ್ನು ದಾಟಿಸಿದ ತಮ್ಮನು ಬಂದೂಕು ಹಿಡಿದು ಗುಡ್ಡಕ್ಕೆ ತಿರುಗಿ ಹೋದದ್ದನ್ನು ಹೇಳಿದಳು. ಮಾವನವರ ಸಂತೋಷ ಹೇಳತೀರದು. ಕಡೆಗೂ ಕಂಡವರೊಬ್ಬರು ಸಿಕ್ಕಿದ್ದರು! ಆಕೆಯ ಸ್ವೆಟರಿನ ಗಂಟು ಖರ್ಚಾಗಲೆಂದು ಚಹಾದಂಗಡಿಗೆ ಹೋಗಿ, "ಚೀನಾ ಗಡಿ ಕಡಿಂದ ದೊಡ್ಡ ಹೇರ ಬಂದೈತಿ, ಲಗೂನ ಹೋಗಿ ನೋಡ್ರಿ!" ಎಂದು ಸಾರಿದರು.

ಅಲ್ಲಿ ಮೂಲೆಯಲ್ಲಿ ಒಂದು ಮರಾಠಿ ವಾರಪತ್ರಿಕೆಯ ವರದಿಗಾರ ಬನ್ನು ಅದ್ದಿಕೊಂಡು ಕೂತಿದ್ದ. ಮಿರಜ ಕಡೆಯಿಂದ ಹೊಸದಾಗಿ ಬಂದವ, ಕನ್ನಡ ಅರ್ಧಂಬರ್ಧ. ನಮಗೆ ಹೇರು ಎಂದರೆ ಎತ್ತಿನ ಮೇಲೋ ತಲೆಯ ಮೇಲೋ ಹೇರುವ ಹೊರೆ. ಮರಾಠಿಯಲ್ಲಿ ಹೇರ್ ಎಂದರೆ ಗೂಢಚಾರ!

ಮುಂದಿನ ಬಜಾರದ ದಿನ ಪತ್ರಿಕೆಯ ಮುಖಪುಟದಲ್ಲಿ ದಪ್ಪಕ್ಷರದ ಸುದ್ದಿ: ಉಮದಿಯಲ್ಲಿ ಚೀನಾದ ಗೂಢಚಾರಿಣಿ! 'ಊರಿನ ವಿಶ್ವಾಸಾರ್ಹ ಗೃಹಸ್ಥರೊಬ್ಬರು ತಿಳಿಸಿದ್ದಾರೆ' ಎಂಬ ಒಗ್ಗರಣೆ ಬೇರೆ. ಮಾವನವರು ಕಟ್ಟೆಯಿಂದ ಜಿಗಿದೇಬಿಟ್ಟರು.

"ಯಾವ ಸುಳ್ಳಬುರಕ ಹೇಳ್ಯಾನ ಇದನ್ನ? ಹಿಡಕೊಂಡ ಬರ್ರಿ ಅವನ್ನ!"

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಚಹಾದಂಗಡ್ಯಾಗ ಹೇರ ಹೇರ ಅಂತ ಒದರಿದವರು ನೀವ ಅಲ್ರೀ?"

ಮಾವನವರ ಮುಖ ಹುಳ್ಳಗಾಯಿತು. ಚಪ್ಪಲಿಯನ್ನೂ ಮೆಟ್ಟದೆ ಬಜಾರಕ್ಕೆ ಓಡಿದರು. ಹಿಂದೆ ನಾನು.

ಅಲ್ಲಿ ಆಕೆಯ ಸುತ್ತ ಜನವೋ ಜನ. ಸ್ವೆಟರಿನ ಗುಂಡಿಯಲ್ಲಿ ವೈರ್‌ಲೆಸ್ ಇದೆ ಎಂದು ಒಬ್ಬ, ನೇಯ್ಗೆಯಲ್ಲಿ ನಮ್ಮೂರ ನಕಾಶೆ ಇದೆ ಎಂದು ಇನ್ನೊಬ್ಬ! ಉಮದಿಯ ನಕಾಶೆ ತೆಗೆದುಕೊಂಡು ಚೀನಾ ಏನು ಜೋಳ ಬಿತ್ತೀತೆ? ಆದರೆ ಪೊಲೀಸ್ ಪಾಟೀಲರು ನಗುತ್ತಿರಲಿಲ್ಲ. ಈಗಿನ ಬಸ್ಸಿಗೇ ಹೊರಡು, ಇನ್ನು ಈ ತಾಲೂಕಿನ ಯಾವ ಬಜಾರಿಗೂ ಕಾಲಿಡಬೇಡ ಎನ್ನುತ್ತಿದ್ದರು. ಆಕೆ ತನ್ನ ಗಂಟನ್ನು ಅವುಚಿಕೊಂಡು, "ನಾ ಚೀನಾ ಅಲ್ಲ, ನಾ ಚೀನಾ ಅಲ್ಲ" ಎಂದು ಒಂದೇ ಸಮನೆ ಹೇಳುತ್ತಿದ್ದಳು.

ಮಾವನವರು ಆ ಗಂಟನ್ನೆತ್ತಿ ನೇರವಾಗಿ, ಪಕ್ಕದಲ್ಲೇ ನಿಂತು ಬರೆದುಕೊಳ್ಳುತ್ತಿದ್ದ ವರದಿಗಾರನ ತಲೆಯ ಮೇಲೆ ಕೂರಿಸಿದರು.

"ಏನೈತೋ ತಲಿ ಮ್ಯಾಲ?"

"ಓ... ಓಝೆ," ಎಂದ ಅವನು ಮರಾಠಿಯಲ್ಲಿ, ಕತ್ತು ಹೊರಳಿಸಲಾಗದೆ.

"ಅದಕ್ಕ ನಾವು ಹೇರ ಅಂತೀವಪಾ! ಈಗ ಹೇಳು, ಊರಾಗ ಹೇರ ಹೊತ್ತಾಂವ ಯಾರು? ನೀನ!"

ಬಜಾರವೆಲ್ಲ ಗೊಳ್ಳೆಂದು ನಕ್ಕಿತು. ಮಾವನವರು ನಗಲಿಲ್ಲ. "ಹೇಳಿದಾಂವ ನಾನು. ತಪ್ಪ ಕೇಳಿದಾಂವ ಇಂವ. ಓದಿ ನಂಬಿದವರು ನೀವು. ಆದ್ರ ಈಕೀನ ಕೇಳಿದವರು ಯಾರು?"

ಪಾಟೀಲರು ಕೆಮ್ಮಿದರು, ಮೀಸೆ ತಿದ್ದಿಕೊಂಡರು, ಆಮೇಲೆ ಒಂದು ಕೆಂಪು ಸ್ವೆಟರ್ ಕೊಂಡು ಆ ನಡುಮಧ್ಯಾಹ್ನದ ಬಿಸಿಲಿನಲ್ಲೇ ತೊಟ್ಟುಕೊಂಡರು! ಪಾಟೀಲರು ತೊಟ್ಟ ಮೇಲೆ ಉಳಿದವರು ಬಿಟ್ಟಾರೆಯೇ? ಹೊತ್ತು ಇಳಿಯುವುದರೊಳಗೆ ಇಡೀ ಹೇರು ಖಾಲಿ.

ಮರುವಾರ ತಿದ್ದುಪಡಿ ಅಚ್ಚಾಯಿತು. ಎಲ್ಲಿ ಅಂತೀರಿ? ಕೊನೆಯ ಪುಟದಲ್ಲಿ, ಇಂಗಿನ ಜಾಹೀರಾತಿನ ಕೆಳಗೆ, ಇರುವೆಗಾತ್ರದ ಅಕ್ಷರದಲ್ಲಿ. "ಸುಳ್ಳು ಡೊಳ್ಳಿನಷ್ಟು, ಖರೆ ಸಾಸಿವಿಯಷ್ಟ?" ಎಂದು ಕೆರಳಿದ ಮಾವನವರು ಡಂಗುರದವನನ್ನು ಕರೆಸಿ, ಓಣಿ ಓಣಿಯಲ್ಲಿ ಹಲಗೆ ಬಾರಿಸಿ, ತಾವೇ ಅದನ್ನು ಓದಿದರು. ದನಗಳು ಸಹ ಬೆದರಿ ಕೇಳಿದವು. ಅಂದಿನಿಂದ ಊರೆಲ್ಲ ಅವರನ್ನು 'ವಿಶ್ವಾಸಾರ್ಹ ಗೃಹಸ್ಥರು' ಎಂದೇ ಕರೆಯತೊಡಗಿತು. ಅವರೂ ಓ ಎನ್ನತೊಡಗಿದರು!

ಮತ್ತೊಂದು ಚಳಿಗಾಲ ಬಂತು. ಆಕೆಯೂ ಬಂದಳು. ಬಂದವಳು ಬಜಾರಕ್ಕೆ ಹೋಗುವ ಮೊದಲು ನಮ್ಮ ಕಟ್ಟೆಯ ಮೇಲೆ ಹೇರು ಇಳಿಸಿದಳು. ಆ ಸಲ ಎಂದೂ ಇಲ್ಲದಂತೆ ರೇಡಿಯೋ, ಮರಾಠಿ ಪೇಪರು, ಕನ್ನಡ ಪೇಪರು ಮೂರೂ ಒಂದೇ ಮಾತು ಹೇಳಿದ್ದವು: ಗುಡ್ಡದಲ್ಲಿದ್ದವರು ಬಂದೂಕು ಕೆಳಗಿಟ್ಟರು, ಕೆಲವರು ಸತ್ತರು. ಯಾರ ಹೆಸರೂ ಇರಲಿಲ್ಲ.

"ಅಜ್ಜಾ, ನೀವು ಎಲ್ಲಾ ಪೇಪರ್ ಓದ್ತೀರಿ," ಎಂದಳು ಆಕೆ. "ನನ್ನ ತಮ್ಮ?"

ಮಾವನವರು ಪೇಪರನ್ನು ಮಡಿಚಿ ತೊಡೆಯ ಕೆಳಗೆ ಇಟ್ಟುಕೊಂಡರು. ಆಕೆಯ ಮುಖ ನೋಡಿದರು.

"ಬದುಕ್ಯಾನಂತ, ಯವ್ವಾ."

ಚಹಾ ಹಿಡಿದು ನಿಂತಿದ್ದ ನನ್ನ ನಾಲಿಗೆಯ ತುದಿಗೆ 'ಕಂಡಾಂವ ಯಾರು?' ಎಂಬ ಪ್ರಶ್ನೆ ಬಂದೇಬಿಟ್ಟಿತ್ತು. ಮಾವನವರು ನನ್ನ ಕಡೆ ನೋಡಿದರು. ಅವರ ಕಣ್ಣು ತುಂಬಿತ್ತು.

"ಹೌದಂತ, ಅಕ್ಕಾ," ಎಂದೆ ನಾನು.

"ಹೌದಂತವಾ," ಎಂದರು ಒಳಗಿನಿಂದ ಅತ್ತೆ.